ಕಾಡಂಚಿನ ದನಗಳ ಮೇಲೆ ನಿಗಾ ಇರಲಿ

ಮಾನ್ಯರೇ,

ಹೆಬ್ರಿ, ಸೋಮೇಶ್ವರ ಸುತ್ತಲಿನ ಹಳ್ಳಿಗಳಲ್ಲಿ ಬೆಳಗ್ಗೆ ಹಟ್ಟಿಯಿಂದ ಬಿಟ್ಟ ಮಲೆನಾಡು ಗಿಡ್ಡ ದನಗಳು ಮೇಯುತ್ತಾ ಅಭಯಾರಣ್ಯದತ್ತ ಸಾಗುವುದು ಹೊಸದೇನಲ್ಲ. ಆದರೆ ಸಂಜೆ ಮರಳದ ದನ ಕುಂಟುತ್ತಿದೆಯೋ, ಜ್ವರ ಬಂದು ಎಲ್ಲೋ ಮಲಗಿದೆಯೋ ಎಂದು ವಿಚಾರಿಸುವವರು ಕಡಿಮೆ. ಕಾಲುಬಾಯಿ ಜ್ವರ ದನಗಳಿಂದ ಕಾಡುಕೋಣಗಳಿಗೂ ಹರಡಬಲ್ಲದು. ಆದ್ದರಿಂದಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅಭಯಾರಣ್ಯದ ಒಳಗೂ ಅದರಿಂದ 5 ಕಿಲೋಮೀಟರ್ ವ್ಯಾಪ್ತಿಯಲ್ಲೂ ಇರುವ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಕ್ರಮವನ್ನು ಕಡ್ಡಾಯಗೊಳಿಸಿದೆ.

ಬ್ರಿಟನ್ನಿನ ಕೆಲವು ನಿಸರ್ಗಧಾಮಗಳಲ್ಲಿ, ಪೊದೆ ಬೆಳೆದು ಹುಲ್ಲುಗಾವಲು ಮುಚ್ಚಿಹೋಗದಂತೆ ದನಗಳನ್ನು ಮೇಯಲು ಬಿಡುತ್ತಾರೆ. ತರಬೇತಿ ಪಡೆದ ಸ್ವಯಂಸೇವಕರು ದಿನವೂ ಅವುಗಳನ್ನು ಎಣಿಸಿ, ನಡಿಗೆಯನ್ನೂ ಕುಡಿಯುವ ನೀರನ್ನೂ ಗಮನಿಸುತ್ತಾರೆ. ನಮ್ಮ ಅಭಯಾರಣ್ಯಗಳಿಗೆ ದನ ಬಿಡುವುದನ್ನು ನಾನು ಸಮರ್ಥಿಸುತ್ತಿಲ್ಲ, ಆದರೆ ಆ ನಿಗಾ ನಮಗೂ ಬೇಕು. ಅರಣ್ಯ ಮತ್ತು ಪಶುಪಾಲನಾ ಇಲಾಖೆಗಳು ಸ್ಥಳೀಯ ಹಾಲು ಉತ್ಪಾದಕರ ಸಂಘಗಳ ಮೂಲಕ ಆಸಕ್ತ ಯುವಕ ಯುವತಿಯರಿಗೆ ತರಬೇತಿ ನೀಡಿದರೆ, ಅವರು ಕಾಡಂಚಿನಲ್ಲಿ ಕಂಡ ದನದ ಕಿವಿಯೋಲೆಯಲ್ಲಿರುವ 12 ಅಂಕಿಗಳ ಸಂಖ್ಯೆಯನ್ನು ಬರೆದುಕೊಂಡು ಇಲಾಖೆಗೆ ತಿಳಿಸಬಹುದು, ಕಾಯಿಲೆಯ ಲಕ್ಷಣ ಕಂಡರೆ ಕೂಡಲೇ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಮಳೆಗಾಲಕ್ಕೆ ಮೊದಲೇ ಸೋಮೇಶ್ವರದಲ್ಲಿ ಇದನ್ನು ಆರಂಭಿಸಬೇಕೆಂದು ಎರಡೂ ಇಲಾಖೆಗಳನ್ನು ವಿನಂತಿಸುತ್ತೇನೆ.

– ಓದುಗರೊಬ್ಬರು, ಹೆಬ್ರಿ, ಉಡುಪಿ ಜಿಲ್ಲೆ