ಪೈಪ್ ಖರೀದಿ: ನೀರಿನ ಒತ್ತಡದ ಪರೀಕ್ಷೆಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಜಿ.ಐ. ಪೈಪ್ (ಸತುವು ಲೇಪಿಸಿದ ಉಕ್ಕಿನ ಪೈಪ್) ಉದ್ದಕ್ಕೂ ಸೀಳಿಕೊಂಡಾಗ ‘ವೆಲ್ಡಿಂಗ್ ಪೈಪ್‌ನ ಹಣೆಬರಹವೇ ಇಷ್ಟು’ ಎನ್ನುವುದುಂಟು. ಹದವಾಗಿ ಬೆಂದ ಬೆಸುಗೆ ಹಾಗೆ ಸೀಳುವುದಿಲ್ಲ, ಸೀಳುವುದು ಅರೆಬೆಂದದ್ದು.

ಈ ಪೈಪ್‌ಗಳಿಗೆ ವೆಲ್ಡಿಂಗ್ ರಾಡ್ ಬಳಸುವುದಿಲ್ಲ. ಕೊಳವೆಯಾಗಿ ಮಡಚಿದ ಉಕ್ಕಿನ ಪಟ್ಟಿಯನ್ನು ತಾಮ್ರದ ಕಾಯಿಲ್ ಒಳಗೆ ಹಾಯಿಸುತ್ತಾರೆ. ಕಾಯಿಲ್‌ಗೆ ಸಾಮಾನ್ಯವಾಗಿ 200–400 ಕಿಲೋಹರ್ಟ್ಸ್ ಆವರ್ತನದ ವಿದ್ಯುತ್. ಅದು ಪಟ್ಟಿಯಲ್ಲಿ ಹುಟ್ಟಿಸುವ ಪ್ರವಾಹ ಇನ್ನೂ ಕೂಡದ ಎರಡು ಅಂಚುಗಳಗುಂಟ ಹರಿದು, ಅವನ್ನಷ್ಟೇ ಕರಗುವ ಹಂತಕ್ಕೆ ಕಾಯಿಸುತ್ತದೆ. ಒತ್ತುರೋಲರ್‌ಗಳು ಅಂಚುಗಳನ್ನು ಅದುಮಿದಾಗ ಕರಗಿದ ಲೋಹದೊಂದಿಗೆ ಕಿಟ್ಟವೂ ಹೊರಬೀಳಬೇಕು. ಅದುಮು ಸಾಲದಿದ್ದರೆ ಕಿಟ್ಟ ನಡುವೆಯೇ ಉಳಿಯುತ್ತದೆ.

ಅಂಚುಗಳು ಕೂಡುವ ಕೋನ ಸುಮಾರು 3ರಿಂದ 7 ಡಿಗ್ರಿ ಇರಬೇಕು. ತೀರಾ ಕಿರಿದಾದರೆ ಮೊದಲೇ ಕಿಡಿ ಹಾರಿ ಸೂಜಿರಂಧ್ರ ಬೀಳುತ್ತದೆ. ಅಗಲವಾದರೆ ಶಾಖ ಚದುರುತ್ತದೆ. ಹೆಚ್ಚಿನ ಕಾಟ ಇಂಪೀಡರ್‌ನದು. ಪ್ರವಾಹ ಒಳಮೈಗೆ ಹರಿಯದಂತೆ ತಡೆದು ಅಂಚಿಗೆ ಸೇರಿಸಲು ಪೈಪ್ ಒಳಗಿಡುವ ಈ ಫೆರೈಟ್ (ಕಾಂತಗುಣದ ವಸ್ತು) ಸರಳಿಗೆ ತಂಪುನೀರು ಕಡಿಮೆಯಾದರೆ ಅದು ಕಾದು ಕಾಂತಗುಣ ಕಳೆದುಕೊಳ್ಳುತ್ತದೆ. ಆಗ ಪ್ರವಾಹ ಪೈಪ್‌ನ ಒಳಮೈ ಸುತ್ತಿ ಪೋಲಾಗಿ, ಅಂಚು ತಣ್ಣಗಾಗುತ್ತದೆ. ಮಿಲ್ ವೇಗ ತಗ್ಗಿಸದೆ ಓಡಿಸಿದರೆ ಬೆಸುಗೆ ಬರಿ ಅಂಟಿಕೊಂಡಂತಿರುತ್ತದೆ. ಹೊರಗಿನ ಉಬ್ಬು ಕೆರೆದು ಸತುವು ಹಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದು.

ಉಕ್ಕಿನ ಪೈಪ್‌ಗಳ ಭಾರತೀಯ ಮಾನದಂಡವಾದ ಐಎಸ್ 1239ರ ಪ್ರಕಾರ ನಡೆಸುವ 5 ಮೆಗಾಪ್ಯಾಸ್ಕಲ್ ನೀರಿನ ಒತ್ತಡದ ಪರೀಕ್ಷೆಯಲ್ಲೂ ಇಂಥ ಬೆಸುಗೆ ಪಾಸಾಗಬಹುದು. 80 ಮಿ.ಮೀ. ಮೀಡಿಯಂ ಪೈಪ್‌ನ (ನೀಲಿ ಪಟ್ಟಿಯದು) ಗೋಡೆ 4 ಮಿ.ಮೀ. ಲೆಕ್ಕ ಹಾಕಿದರೆ ಆ ಒತ್ತಡ ಬೆಸುಗೆಯ ಮೇಲೆ ಹೇರುವ ಎಳೆತ ಸುಮಾರು 55 ಮೆಗಾಪ್ಯಾಸ್ಕಲ್. ಉಕ್ಕು ತಾಳಬೇಕಾದ ಕನಿಷ್ಠ 320ರ ಆರನೇ ಒಂದು ಪಾಲು.

ಈ ದೋಷವನ್ನು ಬಯಲು ಮಾಡುವುದು ಚಪ್ಪಟೆ ಪರೀಕ್ಷೆ. ಪೈಪ್ ತುದಿಯಿಂದ ಗೇಣರ್ಧ ಉದ್ದದ ಬಳೆ ಕೊಯ್ದು, ಟಾರ್ಚ್ ಬಿಟ್ಟು ಒಳಗಿನ ಬೆಸುಗೆಗೆರೆ ಹುಡುಕಿ. ಅದು ಪಕ್ಕಕ್ಕೆ ಬರುವಂತೆ, ಅಂದರೆ ಒತ್ತುವ ದಿಕ್ಕಿಗೆ 90 ಡಿಗ್ರಿಯಲ್ಲಿ, ಪ್ರೆಸ್‌ನಲ್ಲಿಟ್ಟು ಅದುಮಿ. ಹೊರವ್ಯಾಸದ ಮುಕ್ಕಾಲು ಭಾಗಕ್ಕೆ, 88.9 ಮಿ.ಮೀ. ಇದ್ದದ್ದು 67ಕ್ಕೆ ಇಳಿಯುವವರೆಗೆ ಬೆಸುಗೆ ಬಿರಿಯಕೂಡದು. ಸತುವು ಸಿಪ್ಪೆಯೇಳುವುದು ದೋಷವಲ್ಲ. ಗೆರೆಯನ್ನು ಮೇಲಕ್ಕೋ ಕೆಳಕ್ಕೋ ಇಟ್ಟು ಒತ್ತಿದ್ದನ್ನು ಪರೀಕ್ಷೆ ಎಂದು ಒಪ್ಪಬೇಡಿ.

ಗ್ರಾಮ ಪಂಚಾಯಿತಿಗಳು ಪೈಪ್ ಟೆಂಡರ್‌ನಲ್ಲಿ ಒತ್ತಡದ ಸರ್ಟಿಫಿಕೇಟ್ ಜೊತೆಗೆ, ಬಂದ ಸರಕಿನಿಂದಲೇ ಬಳೆ ಕೊಯ್ದು ಎದುರಿಗೇ ಅದುಮಿ ತೋರಿಸುವ ಷರತ್ತನ್ನೂ ಸೇರಿಸಲಿ.

– ಪೈಪ್ ಗುಣಮಟ್ಟ ಪರೀಕ್ಷಕರು, ಬೆಂಗಳೂರು