ಗಾಳಿಯ ಬಾಣಗಳನ್ನು ಸರಿಪಡಿಸಿಕೊಟ್ಟ ಹಿರಿಯರಿಗೆ

ಕಾರವಾರದ ಗ್ರಂಥಾಲಯದಲ್ಲಿ ಪಕ್ಕದ ಮೇಜಿನಲ್ಲಿದ್ದು, ನಾನು ಹೆಸರು ಕೇಳುವ ಮೊದಲೇ ಎದ್ದುಹೋದ ಹಿರಿಯರಿಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತೇನೆ. ಮರುದಿನ ನಾನು ಒಪ್ಪಿಸಬೇಕಿದ್ದ ಚಿತ್ರವು ಕಾರವಾರದಿಂದ ಯಲ್ಲಾಪುರದ ಮೇಲೆ ಹುಬ್ಬಳ್ಳಿಯವರೆಗಿನ ವಾತಾವರಣದ ಲಂಬ ಛೇದನೋಟ, ಅಂದರೆ ಮೇಲಿನಿಂದ ಕೆಳಗೆ ಕಡಿದು ಪಕ್ಕದಿಂದ ನೋಡಿದಂತಹ ನೋಟವಾಗಿತ್ತು. ಮುಂಗಾರಿನ ಗಾಳಿ ಘಟ್ಟವನ್ನೇರುವ ಜಾಗದಲ್ಲಿಯೂ ಗಾಳಿಯ ದಿಕ್ಕು ತೋರಿಸುವ ಬಾಣಗಳೆಲ್ಲ ಅಡ್ಡಡ್ಡ ಮಲಗಿದ್ದವು.

ಅವರು ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಹತ್ತಿರ ಇಟ್ಟುಕೊಂಡು, "ತಂಗೀ, ಲಂಬ ವೇಗ ಯಾವ ಮಾನದಲ್ಲಿದೆ?" ಎಂದು ಕೇಳಿದರು. ಅಡ್ಡಗಾಳಿ ಸೆಕೆಂಡಿಗೆ ಮೀಟರ್‌ಗಳಲ್ಲಿತ್ತು, ಲಂಬ ವೇಗ ಸೆಕೆಂಡಿಗೆ ಒತ್ತಡದ ಮಾನವಾದ ಪ್ಯಾಸ್ಕಲ್‌ಗಳಲ್ಲಿತ್ತು. ಮೇಲೆ ಹೋದಂತೆ ಒತ್ತಡ ಇಳಿಯುವುದರಿಂದ ಇಲ್ಲಿ ಋಣ ಚಿಹ್ನೆಯೇ ಏರುಗಾಳಿಯೆಂದು ತಿಳಿಸಿ, ಆ ವೇಗವನ್ನು ಗಾಳಿಯ ಸಾಂದ್ರತೆ ಮತ್ತು ಗುರುತ್ವ ವೇಗೋತ್ಕರ್ಷದ ಗುಣಲಬ್ಧದಿಂದ ಭಾಗಿಸಿ ಚಿಹ್ನೆ ಬದಲಿಸುವ ಸೂತ್ರವನ್ನು ಬಸ್ ಟಿಕೆಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದರು. ಸಮುದ್ರಮಟ್ಟದ ಬಳಿ ಸೆಕೆಂಡಿಗೆ 1 ಪ್ಯಾಸ್ಕಲ್ ಎಂದರೆ ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್ ಮಾತ್ರ. ಆದ್ದರಿಂದ ಚಿತ್ರದಲ್ಲಿ ಎತ್ತರವನ್ನು ಎಷ್ಟು ಪಾಲು ಹಿಗ್ಗಿಸಿದ್ದೇವೆಯೋ ಬಾಣದ ಲಂಬ ಅಂಶವನ್ನೂ ಅಷ್ಟೇ ಹಿಗ್ಗಿಸಬೇಕು, ಅಡ್ಡಗಾಳಿಯಲ್ಲಿ ಛೇದರೇಖೆಯ ಗುಂಟ ಬೀಸುವ ಅಂಶವನ್ನಷ್ಟೇ ತೆಗೆದುಕೊಳ್ಳಬೇಕು ಎಂದರು. ನಾನು ಸಾಲುಗಳನ್ನು ಬರೆದು ಮುಗಿಸುವವರೆಗೂ ಆತುರಪಡಿಸದೆ ಕಾದರು.

ಘಟ್ಟದ ಪಶ್ಚಿಮ ಇಳಿಜಾರಿನಲ್ಲಿ ಬಾಣಗಳು ತಲೆಯೆತ್ತಿದಾಗ ನನ್ನ ಎದೆಯ ಭಾರ ಇಳಿಯಿತು. ಹಿಗ್ಗಿಸಿದ ಪಾಲನ್ನು ಚಿತ್ರದ ಅಡಿಬರಹದಲ್ಲಿ ನಮೂದಿಸಬೇಕೆಂಬ ನಿಮ್ಮ ಮಾತನ್ನೂ ಪಾಲಿಸಿದ್ದೇನೆ, ಸರ್.