ಡ್ರೈ ಬಿಯರ್ ಎಂದರೆ ಕಡಿಮೆ ಅಮಲಿನ ಬಿಯರ್ ಅಲ್ಲ

ಮಾನ್ಯ ಸಂಪಾದಕರೇ,

ಹುತ್ತರಿ ಕಳೆದ ಮರುವಾರ ಮಡಿಕೇರಿಯ ಸ್ನೇಹಿತರೊಬ್ಬರ ಮನೆಯಲ್ಲಿ ನಾವು ಎಂಟು ಮಂದಿ ಊಟಕ್ಕೆ ಸೇರಿದ್ದೆವು. ಅಮೆರಿಕದಿಂದ ರಜೆಗೆ ಬಂದಿದ್ದ ಅವರ ಅಳಿಯ ‘ಬ್ರೂಟ್ ಐಪಿಎ’ (ಇಂಡಿಯಾ ಪೇಲ್ ಏಲ್‌ನ ಒಂದು ಬಗೆ) ಎಂಬ ಡ್ರೈ, ಅಂದರೆ ಸಿಹಿ ಉಳಿಯದ, ಬಿಯರಿನ ಕೆಲವು ಕ್ಯಾನುಗಳನ್ನು ತಂದಿದ್ದರು. ತಲೆಗೆ ಅರ್ಧ ಗ್ಲಾಸಿನಂತೆ ಹಂಚಿಕೊಂಡು ಎಲ್ಲರೂ ರುಚಿ ನೋಡಿದೆವು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಮಾವಿನ ರಸದಂತೆ ಮಬ್ಬಾಗಿರುವ ಹೇಜಿ ಐಪಿಎಗೆ ನಾಲಿಗೆ ಒಗ್ಗಿಸಿಕೊಂಡಿರುವ ಯುವಕನೊಬ್ಬ ‘ಸೋಡಾಕ್ಕೆ ಹಾಪ್ಸ್ ವಾಸನೆ ಹಿಡಿಸಿದ ಹಾಗಿದೆ’ ಎಂದ (ಹಾಪ್ಸ್ ಎಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು). ಐವತ್ತು ವರ್ಷ ತೋಟ ನೋಡಿಕೊಂಡ ಹಿರಿಯರೊಬ್ಬರು ‘ಬಾಯಲ್ಲಿ ನಿಲ್ಲುವುದೇ ಇಲ್ಲ’ ಎಂದರು. ಮನೆಯೊಡತಿಗೆ ಮಾತ್ರ ಅದು ಪಂದಿ ಕರಿಯ ಜೊತೆ ಬಹಳ ಹಿಡಿಸಿತು. ಮತ್ತೊಬ್ಬರು ‘ಲೈಟಾಗಿದೆ, ಇನ್ನೊಂದು ಕೊಡಿ, ಸೋಮವಾರಪೇಟೆಯವರೆಗೆ ಗಾಡಿ ಓಡಿಸಬೇಕು, ಇದಾದರೆ ತೊಂದರೆಯಿಲ್ಲ’ ಎಂದರು. ಕ್ಯಾನನ್ನು ತಿರುಗಿಸಿ ನೋಡಿದರೆ ಮದ್ಯಸಾರ ಶೇ 6.7 ಎಂದು ಬರೆದಿತ್ತು. ಅವರನ್ನು ಅಂದು ರಾತ್ರಿ ಅಲ್ಲೇ ಉಳಿಸಿಕೊಂಡೆವು.

ಈ ಪತ್ರ ಬರೆಯಲು ಆ ಕೊನೆಯ ಮಾತೇ ಕಾರಣ. ಒಂದು ಬಿಯರ್ ಸಪ್ಪೆಯೋ ಸೊಗಸೋ ಎಂಬುದು ಅವರವರ ನಾಲಿಗೆಗೆ ಬಿಟ್ಟದ್ದು. ಆದರೆ ತೆಳುವಾಗಿದೆ ಎಂದ ಮಾತ್ರಕ್ಕೆ ಅಮಲು ಕಡಿಮೆ ಎಂದು ಭಾವಿಸುವುದು ರುಚಿಯ ಪ್ರಶ್ನೆಯಲ್ಲ, ಅದು ತಪ್ಪು ತಿಳಿವಳಿಕೆ. ಡ್ರೈ ಐಪಿಎಯ ಮಟ್ಟಿಗಂತೂ ವಿಷಯ ಇದಕ್ಕೆ ತದ್ವಿರುದ್ಧವಾಗಿದೆ.

ಈ ಬಗೆಯ ಬಿಯರನ್ನು 2017ರ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸೋಷಿಯಲ್ ಕಿಚನ್ ಆ್ಯಂಡ್ ಬ್ರೂವರಿಯಲ್ಲಿ ಕಿಮ್ ಸ್ಟರ್ಡವಾಂಟ್ ಎಂಬವರು ಮೊದಲಿಗೆ ತಯಾರಿಸಿದರು. ಸಿಹಿ ಇಲ್ಲದ ಶಾಂಪೇನಿಗೆ ಫ್ರೆಂಚರು ಬಳಸುವ ‘ಬ್ರೂಟ್’ ಎಂಬ ಪದವೇ ಇದಕ್ಕೂ ಹೆಸರಾಯಿತು. ಬಿಯರಿಗಾಗಿ ಬಾರ್ಲಿ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿದಾಗ ಅದರ ಪಿಷ್ಟ ಸಕ್ಕರೆಯಾಗಿ ಒಡೆಯುತ್ತದೆ. ಆದರೆ ಎಲ್ಲವೂ ಯೀಸ್ಟ್ ತಿನ್ನಬಲ್ಲ ಸಕ್ಕರೆಯಾಗುವುದಿಲ್ಲ. ಡೆಕ್ಸ್‌ಟ್ರಿನ್ ಎಂಬ ದೊಡ್ಡ ತುಣುಕುಗಳು ಹಾಗೆಯೇ ಉಳಿದು, ಸಾಮಾನ್ಯ ಬಿಯರಿಗೆ ಬಾಯಿ ತುಂಬುವ ದಪ್ಪ ಕೊಡುತ್ತವೆ. ಬ್ರೂಟ್ ಐಪಿಎಗೆ ಅಮೈಲೋಗ್ಲುಕೋಸಿಡೇಸ್ ಎಂಬ ಕಿಣ್ವವನ್ನು ಸೇರಿಸುತ್ತಾರೆ. ಅದು ಆ ತುಣುಕುಗಳನ್ನೂ ಗ್ಲೂಕೋಸ್ ಆಗಿ ಒಡೆಯುತ್ತದೆ, ಯೀಸ್ಟ್ ಅದನ್ನೂ ತಿಂದು ಮುಗಿಸುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ (ಪಲ್ಪ್ ಮಾಡಿ), ಬೀಜಕ್ಕೆ ಅಂಟಿದ ಲೋಳೆ ಕರಗುವವರೆಗೆ ತೊಟ್ಟಿಯಲ್ಲಿ ಹುದುಗಲು ಬಿಟ್ಟು, ಕೈಯಲ್ಲಿ ಉಜ್ಜಿ ನೋಡಿ ತೊಳೆಯುವ ನಮ್ಮ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈಗ ಲೆಕ್ಕ ನೋಡೋಣ. ಸಕ್ಕರೆ ಕರಗಿರುವ ಮಾಲ್ಟ್ ರಸ ನೀರಿಗಿಂತ ಸಾಂದ್ರ; ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿಸಿದಂತೆ ಸಾಂದ್ರತೆ ಇಳಿಯುತ್ತದೆ. ನೀರಿನ ಸಾಂದ್ರತೆಯನ್ನು 1.000 ಎಂದಿಟ್ಟುಕೊಂಡರೆ, 1.050ರಿಂದ ಆರಂಭಿಸಿದ ಮಾಲ್ಟ್ ರಸ ಸಾಮಾನ್ಯ ರೀತಿಯಲ್ಲಿ ಹುದುಗಿ 1.012ಕ್ಕೆ ಇಳಿದರೆ ಸುಮಾರು ಶೇ 5 ಮದ್ಯಸಾರದ ಬಿಯರ್ ಸಿಗುತ್ತದೆ. ಅದೇ ರಸ, ಅಷ್ಟೇ ಮಾಲ್ಟ್, ಆದರೆ ಕಿಣ್ವದ ನೆರವಿನಿಂದ 0.998ರವರೆಗೆ ಇಳಿದರೆ ಮದ್ಯಸಾರ ಸುಮಾರು ಶೇ 6.8 ಆಗುತ್ತದೆ. ಬಾಯಿಗೆ ದಪ್ಪ ಎನಿಸಬೇಕಾಗಿದ್ದ ಭಾಗವೇ ಇಲ್ಲಿ ಮದ್ಯಸಾರವಾಗಿ ಬದಲಾಗಿದೆ. ಗ್ಲಾಸು ಹಗುರವೆನಿಸುವುದಕ್ಕೂ ಅಮಲು ಏರುವುದಕ್ಕೂ ಮೂಲ ಒಂದೇ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ಶೇ 5ರವರೆಗಿನದನ್ನು ಸಾಮಾನ್ಯ ಬಿಯರ್ ಎಂದೂ ಅದಕ್ಕಿಂತ ಮೇಲೆ ಶೇ 8ರವರೆಗಿನದನ್ನು ಸ್ಟ್ರಾಂಗ್ ಬಿಯರ್ ಎಂದೂ ವಿಂಗಡಿಸುತ್ತವೆ. ಅಂದರೆ ಸ್ಟ್ರಾಂಗ್ ಎಂಬ ಹೆಸರು ಕೇಳಿದರೇ ದೂರ ಸರಿಯುವ ವ್ಯಕ್ತಿ, ನಾಲಿಗೆಯ ಮಾತು ನಂಬಿ ಸ್ಟ್ರಾಂಗ್ ಬಿಯರನ್ನೇ ಕುಡಿಯುತ್ತಿರುತ್ತಾನೆ. 330 ಮಿಲಿಲೀಟರಿನ ಗ್ಲಾಸಿನ ಲೆಕ್ಕದಲ್ಲಿ ಶೇ 5ರ ಬಿಯರಿನಲ್ಲಿ ಸುಮಾರು 13 ಗ್ರಾಂ ಮದ್ಯಸಾರವಿದ್ದರೆ ಶೇ 6.8ರ ಡ್ರೈ ಬಿಯರಿನಲ್ಲಿ ಸುಮಾರು 18 ಗ್ರಾಂ ಇರುತ್ತದೆ: ಇದರ ಮೂರು ಗ್ಲಾಸು ಅದರ ನಾಲ್ಕು ಗ್ಲಾಸಿಗೆ ಸಮ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರುವಂತಿಲ್ಲ. ಮಂಜು ಕವಿದ ರಾತ್ರಿ ಸಂಪಾಜೆ ಘಾಟಿಯ ತಿರುವುಗಳನ್ನು ಇಳಿದವರಿಗೆ ಆ ಮಿತಿ ಏಕಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಸಪ್ಪೆ ಎಂಬ ದೂರಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಇದೇ ದೂರನ್ನು ನಾನು ಕಾಫಿಯ ವಿಷಯದಲ್ಲಿ ಜೀವಮಾನವಿಡೀ ಕೇಳಿದ್ದೇನೆ. ಚಿಕೋರಿ ಬೆರೆತ ಪುಡಿಯ ಗಟ್ಟಿ ಡಿಕಾಕ್ಷನ್ನಿಗೆ ಒಗ್ಗಿದವರಿಗೆ, ಚೆನ್ನಾಗಿ ತೊಳೆದು ಒಣಗಿಸಿದ ಅಪ್ಪಟ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿಯನ್ನು ಕೊಟ್ಟರೆ ‘ನೀರಾಯಿತಲ್ಲ’ ಎನ್ನುತ್ತಾರೆ. ಅವರು ಹುಡುಕುತ್ತಿರುವ ದಪ್ಪ ಕಾಫಿಯದಲ್ಲ, ಚಿಕೋರಿಯದು. ಎರಡು ವಾರ ಅಪ್ಪಟ ಕಾಫಿಯನ್ನೇ ಕುಡಿದ ಮೇಲೆ ಅದೇ ಜನರಿಗೆ ಅದರ ಹುಳಿ, ಹೂವಿನ ಪರಿಮಳ ಒಂದೊಂದಾಗಿ ಗೊತ್ತಾಗತೊಡಗುವುದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ. ಡ್ರೈ ಐಪಿಎ ಕೂಡ ಅಂಥದ್ದೇ. ಅದರಲ್ಲಿ ದಪ್ಪವನ್ನು ಬೇಕೆಂದೇ ತೆಗೆದುಹಾಕಿದ್ದಾರೆ, ಹಾಪ್ಸಿನ ಪರಿಮಳಕ್ಕೆ ಏನೂ ಅಡ್ಡ ಬರಬಾರದೆಂದು. ನ್ಯೂಜಿಲೆಂಡಿನ ನೆಲ್ಸನ್ ಸೋವಿನ್, ಜರ್ಮನಿಯ ಹಾಲರ್‌ಟೌ ಬ್ಲಾಂಕ್‌ನಂತಹ, ಬಿಳಿ ದ್ರಾಕ್ಷಿಯ ವೈನನ್ನು ನೆನಪಿಸುವ ಹಾಪ್ಸನ್ನು ಇದಕ್ಕೆ ಆರಿಸುವುದೂ ಅದಕ್ಕಾಗಿಯೇ. ನಮ್ಮ ಮನೆಗಳಲ್ಲಿ ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್ ಇತ್ಯಾದಿಗಳಿಂದ ಮಾಡುವ ವೈನ್ ಸಾಮಾನ್ಯವಾಗಿ ಸಿಹಿಯಾಗಿಯೇ ಇರುವುದರಿಂದ, ಹಣ್ಣಿನ ವಾಸನೆ ಬಂದಲ್ಲಿ ಸಿಹಿಯೂ ಬರಬೇಕೆಂದು ನಮ್ಮ ನಾಲಿಗೆ ಕಾಯುತ್ತದೆ. ಅದು ಬಾರದಿದ್ದಾಗ ಏನೋ ಕಳೆದುಹೋದಂತೆ ಅನಿಸುವುದು ಸಹಜ.

ಹಾಗೆಂದು ಎಲ್ಲ ದೂರುಗಳೂ ಅಭ್ಯಾಸದ ಕೊರತೆಯಿಂದ ಬಂದವಲ್ಲ. ದಪ್ಪವಿಲ್ಲದ ಬಿಯರಿನಲ್ಲಿ ಕಹಿಗೆ ಆಸರೆ ಇರುವುದಿಲ್ಲ. ತಯಾರಕರು ಹಾಪ್ಸನ್ನು ಹಳೆಯ ಐಪಿಎಗಳ ಪ್ರಮಾಣದಲ್ಲೇ ಕುದಿಸಿದರೆ ಕಹಿ ಒಗರಾಗಿ ಗಂಟಲಿಗೆ ಹಿಡಿಯುತ್ತದೆ. ಹೆದರಿ ಕಡಿಮೆ ಮಾಡಿದರೆ ಆ ಯುವಕ ಹೇಳಿದಂತೆ ನಿಜವಾಗಿಯೂ ಸೋಡಾ ಆಗುತ್ತದೆ. ಅಮೆರಿಕದಲ್ಲಿ 2018ರಲ್ಲಿ ದೊಡ್ಡ ಕಂಪನಿಗಳೂ ಬ್ರೂಟ್ ಐಪಿಎಗೆ ಕೈಹಾಕಿ, ಎರಡು ಮೂರು ವರ್ಷಗಳಲ್ಲೇ ಅದರ ಭರಾಟೆ ಇಳಿದುದಕ್ಕೆ ಈ ತೂಕ ಸಿಗದೇ ಹೋದದ್ದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ. ಚೆನ್ನಾಗಿ ತಯಾರಾದದ್ದು ಮಾತ್ರ ನಮ್ಮ ಊಟಕ್ಕೆ ಅಪರೂಪದ ಜೊತೆ. ಕಾಚಂಪುಳಿಯ ಹುಳಿ, ಕಾಳುಮೆಣಸಿನ ಖಾರ, ಹಂದಿಯ ಕೊಬ್ಬು ಮೂರೂ ಸೇರಿದ ತಟ್ಟೆಯ ಮುಂದೆ ಕಹಿ ಐಪಿಎ ಖಾರವನ್ನು ಕೆರಳಿಸುತ್ತದೆ, ಸಿಹಿ ಬಿಯರ್ ಕೊಬ್ಬಿನ ಮೇಲೆ ಭಾರವಾಗಿ ಕೂರುತ್ತದೆ. ಕಹಿ ಕಡಿಮೆಯಿದ್ದು ನೊರೆ ಹೆಚ್ಚಿರುವ ಈ ಬಿಯರ್ ನಾಲಿಗೆಯನ್ನು ತೊಳೆದು ಮುಂದಿನ ತುತ್ತಿಗೆ ಅಣಿಮಾಡುತ್ತದೆ. ಮನೆಯೊಡತಿಯ ಮಾತು ನನಗೆ ಸರಿಯೆನಿಸಿದ್ದು ಇದರಿಂದ.

‘ಇದು ಐಪಿಎಯೇ ಅಲ್ಲ’ ಎಂಬ ವಾದವೂ ಅಂದು ಬಂತು. ಇಂಡಿಯಾ ಪೇಲ್ ಏಲ್ ಎಂಬುದರಲ್ಲಿ ನಮ್ಮ ದೇಶದ ಹೆಸರೇ ಇದೆ. ಲಂಡನ್ನಿನ ಬೋ ಬ್ರೂವರಿಯ ಹಾಡ್ಜ್‌ಸನ್, 1820ರ ದಶಕದಿಂದ ಬರ್ಟನ್ ಅಪಾನ್ ಟ್ರೆಂಟ್‌ನ ಆಲ್ಸಾಪ್, ಬಾಸ್ ಮೊದಲಾದವರು ಇಲ್ಲಿನ ಬ್ರಿಟಿಷರಿಗಾಗಿ ಹಡಗಿನಲ್ಲಿ ಕಳುಹಿಸುತ್ತಿದ್ದ ಬಿಯರ್ ಅದು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡ ಹೊತ್ತಿಗೆ ಆ ವ್ಯಾಪಾರ ಭರದಿಂದ ಸಾಗಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವವರೆಗೂ ಪೀಪಾಯಿಗಳು ಗುಡ್‌ಹೋಪ್ ಭೂಶಿರವನ್ನು ಬಳಸಿಕೊಂಡು ತಿಂಗಳುಗಟ್ಟಲೆ ಸಮುದ್ರದ ಮೇಲಿರುತ್ತಿದ್ದವು, ಆ ಅವಧಿಯುದ್ದಕ್ಕೂ ಪೀಪಾಯಿಯೊಳಗೆ ನಿಧಾನ ಹುದುಗು ನಡೆದು ಉಳಿದ ಸಕ್ಕರೆ ಕರಗುತ್ತಿತ್ತು. ಮದರಾಸಿನ ದಂಡೆಗೆ ಬಂದಿಳಿದ ಐಪಿಎ ಬಹಳ ಕಹಿಯಾಗಿತ್ತು ನಿಜ, ಆದರೆ ಅದು ಡ್ರೈ ಆಗಿಯೂ ಇತ್ತು. ಇಂದಿನ ಮಾವಿನ ರಸದಂತಹ ಐಪಿಎಗಿಂತ ಬ್ರೂಟ್ ಐಪಿಎಯೇ ಆ ಒಂದು ಗುಣದಲ್ಲಿ ಮೂಲಕ್ಕೆ ಹತ್ತಿರ.

ಸಕ್ಕರೆ ಇಲ್ಲದ ಬಿಯರ್ ಎಂದ ಕೂಡಲೇ ಮಧುಮೇಹಿಗಳಿಗೆ ಒಳ್ಳೆಯದೆಂದು ಹೇಳುವವರೂ ಇದ್ದಾರೆ. ಹಾಗೆ ಹೇಳಬಾರದು. ಒಂದು ಗ್ರಾಂ ಮದ್ಯಸಾರದಲ್ಲಿ ಏಳು ಕಿಲೋ ಕ್ಯಾಲರಿ ಇರುತ್ತದೆ, ಸಕ್ಕರೆಯಲ್ಲಿ ನಾಲ್ಕು. ಜೊತೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮದ್ಯ ರಕ್ತದ ಸಕ್ಕರೆಯನ್ನು ಅಪಾಯಕಾರಿಯಾಗಿ ಇಳಿಸಬಲ್ಲದು.

ನನ್ನ ಕೋರಿಕೆ ಇಷ್ಟೇ. ಚಿಕೋರಿ ಬೆರೆಸಿದ ಕಾಫಿಪುಡಿಯ ಪೊಟ್ಟಣದ ಮೇಲೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟು ಎಂದು ಮುದ್ರಿಸಬೇಕೆಂಬ ನಿಯಮವಿದೆ, ಅದನ್ನು ನಾವು ದಿನವೂ ಓದುತ್ತೇವೆ. ಬಾಟಲಿ, ಕ್ಯಾನುಗಳ ಮೇಲೂ ಮದ್ಯಸಾರದ ಪ್ರಮಾಣ ಇರುತ್ತದೆ. ಆದರೆ ನಲ್ಲಿಯಿಂದ ಗ್ಲಾಸಿಗೆ ಸುರಿದು ಕೊಡುವ ಬಿಯರಿಗೆ ಲೇಬಲ್ ಎಲ್ಲಿ? ಊಟದ ಮೇಜಿನ ಪಟ್ಟಿಯಲ್ಲಿ ‘ಡ್ರೈ’, ‘ಕ್ರಿಸ್ಪ್’, ‘ಲೈಟ್’ ಎಂಬ ಪದಗಳಷ್ಟೇ ಇದ್ದರೆ ಗಿರಾಕಿಗೆ ತಿಳಿಯುವ ಬಗೆ ಹೇಗೆ? ನಮ್ಮ ಜಿಲ್ಲೆಯ ರೆಸಾರ್ಟು, ಬಾರು ಮತ್ತು ಕ್ಲಬ್ಬುಗಳು, ಇಂತಹ ಬಿಯರುಗಳನ್ನು ತರಿಸುವ ಮೊದಲೇ, ಪ್ರತಿ ಬಿಯರಿನ ಹೆಸರಿನ ಪಕ್ಕದಲ್ಲಿ ಬೆಲೆಯಷ್ಟೇ ದಪ್ಪ ಅಕ್ಷರಗಳಲ್ಲಿ ಮದ್ಯಸಾರದ ಶೇಕಡಾವಾರನ್ನು ಕನ್ನಡದಲ್ಲಿ ಬರೆಯಬೇಕು, ಮತ್ತು ಶೇ 5 ಮೀರಿದ್ದನ್ನು ಗ್ಲಾಸು ಮೇಜಿಗೆ ಇಡುವಾಗಲೇ ಬಾಯಿಮಾತಿನಲ್ಲೂ ತಿಳಿಸಬೇಕು. ಅಬಕಾರಿ ಇಲಾಖೆ ಇದನ್ನು ಪರವಾನಗಿಯ ಷರತ್ತಾಗಿಸಿದರೆ ಇನ್ನೂ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ನಾಪೋಕ್ಲು, ಕೊಡಗು